ಬೋರಲು ಮಲಗಿ ಕೇಳಿದ ಆಟ

ಬಲಗಣ್ಣಿನ ಮೂಲೆಯಿಂದ ಕಪ್ಪು ಪರದೆಯೊಂದು ಒಳಗೆ ಸರಿದು ಬಂದಾಗ ನಾನು ಕಾಫಿ ಮೂಟೆಗಳ ತೂಕ ಬರೆಯುತ್ತಿದ್ದೆ. ಸಕಲೇಶಪುರದ ಕಾಫಿ ಖರೀದಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬರೆದ ಅಂಕಿಯ ಕೊನೆ ಕಾಣಿಸಲಿಲ್ಲ. ಕನ್ನಡಕ ಒರೆಸಿದೆ. ಮತ್ತೆ ಕಾಣಿಸಲಿಲ್ಲ. ಎಡಗಣ್ಣು ಮುಚ್ಚಿ ನೋಡಿದೆ: ಅಂಗಡಿಯ ಬಾಗಿಲು ಇತ್ತು, ಬಾಗಿಲ ಪಕ್ಕದ ಗೋಡೆ ಇರಲಿಲ್ಲ.

ಹಿಂದಿನ ಕೆಲವು ದಿನಗಳಿಂದ ಅದೇ ಕಣ್ಣಿನಲ್ಲಿ ಮಿಂಚು ಹೊಡೆಯುತ್ತಿತ್ತು, ನೊಣದಂಥ ಚುಕ್ಕೆಗಳು ತೇಲುತ್ತಿದ್ದವು. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಅದನ್ನೂ ಬರೆದಿಟ್ಟಿದ್ದೆ. ಹಾಸನದ ಕಣ್ಣಿನ ಡಾಕ್ಟರು "ಯಾವಾಗಿಂದ?" ಎಂದು ಕೇಳಿದಾಗ ವಾರ ಸಮೇತ ಹೇಳಿದೆ. ಅವರು ಟಾರ್ಚ್ ಆರಿಸಿ, "ಇವತ್ತೇ ಮಂಗಳೂರಿಗೆ ಹೋಗಿ. ನಾಳೆ ಅನ್ನಬೇಡಿ" ಎಂದರು. ಕಣ್ಣಿನ ಹಿಂಬದಿಯ ಪೊರೆ, ರೆಟಿನಾ ಅನ್ನುವುದು, ಗೋಡೆಯಿಂದ ಕಿತ್ತು ಬರುತ್ತಿದೆಯಂತೆ.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಎಡಗಣ್ಣು ಹುಟ್ಟಿನಿಂದ ಮಂದ. ಅದರಲ್ಲಿ ಮನುಷ್ಯರು ಕಾಣುತ್ತಾರೆ, ಮುಖಗಳು ಕಾಣುವುದಿಲ್ಲ. ಓದು, ಬರಹ, ಕೆಲಸ ಎಲ್ಲವೂ ಬಲಗಣ್ಣಿನದು. ಕಿತ್ತು ಬರುತ್ತಿದ್ದದ್ದು ಆ ಕಣ್ಣಿನ ಪೊರೆ.

ಮಂಗಳೂರಿನ ಆಸ್ಪತ್ರೆಯ ಕಾಯುವ ಹಾಲ್‌ನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅಪ್ಪ ಕಾಫಿ ಕೊಯ್ಲು ಬಿಟ್ಟು ಬರುವಂತಿರಲಿಲ್ಲ. ಕಾರು ಓಡಿಸಿಕೊಂಡು ಬಂದಿದ್ದ ಸುರೇಶ ಚಿಕ್ಕಪ್ಪ ಹೊರಗೆ ಫೋನಿನಲ್ಲಿ ಊರಿಗೆಲ್ಲ ಸುದ್ದಿ ಹೇಳುತ್ತಿದ್ದರು. ಅಮ್ಮ ಕೇಳಿದ್ದು ಒಂದೇ.

"ಆಪರೇಷನ್ ಆದ್ಮೇಲೆ ಕಾಣ್ತೈತೆ ಅಂದ್ರಾ?"

"ಅಂಟಿಸ್ತೀವಿ ಅಂದ್ರು. ಕಾಣುತ್ತೆ ಅಂತ ಹೇಳ್ಲಿಲ್ಲ."

"ಅಂಟಿದ್ರೆ ಕಾಣ್ತೈತೆ ಬಿಡು," ಎಂದಳು ಅಮ್ಮ. ಡಾಕ್ಟರು ಹೇಳದೆ ಬಿಟ್ಟದ್ದನ್ನು ಅವಳೇ ಹೇಳಿ ಮುಗಿಸಿದಳು.

ಆಪರೇಷನ್‌ನಲ್ಲಿ ಪೊರೆಯನ್ನು ಅದರ ಜಾಗಕ್ಕೆ ಕೂರಿಸಿ, ಕಣ್ಣೊಳಗೆ ಒಂದು ಗ್ಯಾಸಿನ ಗುಳ್ಳೆ ತುಂಬಿದರು. ಗುಳ್ಳೆ ಮೇಲಕ್ಕೆ ತೇಲುತ್ತದೆ. ಮುಖ ಕೆಳಗೆ ಮಾಡಿದರೆ ಅದು ಹಿಂದೆ ಹೋಗಿ ಪೊರೆಯನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ನಾನು ಬೋರಲು ಮಲಗಬೇಕು, ಬೋರಲು ಕೂರಬೇಕು, ತಲೆ ತಗ್ಗಿಸಿಯೇ ನಡೆಯಬೇಕು. ಎಷ್ಟು ದಿನ ಎಂದರೆ "ನೋಡುವ" ಎಂದರು ಮಂಗಳೂರಿನ ಡಾಕ್ಟರು.

ಬೋರಲು ಮಲಗುವುದು ಕಷ್ಟವಲ್ಲ ಎಂದುಕೊಂಡವರು ಒಂದು ಮಧ್ಯಾಹ್ನ ಪ್ರಯತ್ನಿಸಿ ನೋಡಬಹುದು. ಕತ್ತು ನೋಯುತ್ತದೆ, ಮೂಗು ಕಟ್ಟುತ್ತದೆ, ಜೊಲ್ಲು ಸುರಿಯುತ್ತದೆ. ಕಾಣುವುದು ನೆಲ, ಬರುವವರ ಚಪ್ಪಲಿ. ಮೂರನೇ ದಿನಕ್ಕೆ ನಾನು ಚಪ್ಪಲಿಯ ಬಣ್ಣದಿಂದ ನರ್ಸ್‌ಗಳನ್ನು ಗುರುತಿಸುತ್ತಿದ್ದೆ.

ಅಂಗಡಿಯ ಗೆಳತಿಯೊಬ್ಬಳು ಹಿಂದೆ ಯಾವಾಗಲೋ ಒಂದು ಆಡಿಯೋ ಪುಸ್ತಕದ ಲಿಂಕ್ ಕಳಿಸಿದ್ದಳು: 'ಹನ್ನೆರಡು ಬಾವಿಯ ನಾಡು'. ಫೋನಿನ ಆಟದೊಳಗೆ ಸಿಕ್ಕಿಬಿದ್ದ ತಾರಿಣಿ ಎಂಬ ಹುಡುಗಿ ಹನ್ನೆರಡು ಬಾವಿಗಳನ್ನು ಇಳಿದು ಹೊರದಾರಿ ಹುಡುಕುವ ಕಥೆ. ವಾರಕ್ಕೆ ಒಂದೋ ಎರಡೋ ಅಧ್ಯಾಯ ಬರುತ್ತಿತ್ತು. ಮಕ್ಕಳದ್ದು ಎಂದು ಬಿಟ್ಟಿದ್ದೆ. ಈಗ ಬೇರೆ ಕೆಲಸವಿರಲಿಲ್ಲ.

ಬೋರಲು ಇರಬೇಕಾದ ರೋಗಿಗಳನ್ನು ಹಗಲಲ್ಲಿ ಒಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ಎದುರು ಮೇಜು, ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ. ನನ್ನ ಪಕ್ಕದ ದಿಂಬು ಹೆತ್ತೂರು ಕಡೆಯ ಕಾಫಿ ಬೆಳೆಗಾರರಾದ ಮಲ್ಲೇಶಪ್ಪನವರದು. ವಯಸ್ಸಾದವರು, ಜೋರು ದನಿ. ಅವರ ಮುಖವನ್ನು ನಾನು ನೋಡಿದ್ದು ಬಹಳ ತಡವಾಗಿ. ನಾನು ಸಣ್ಣಗೆ ಕಥೆ ಹಾಕಿಕೊಂಡದ್ದು ಕೇಳಿ ಅವರೇ ಮಾತು ತೆಗೆದರು.

"ಏನಮ್ಮ ಅದು, ಮಧ್ಯೆ ಮಧ್ಯೆ ಬಸ್‌ಸ್ಟ್ಯಾಂಡಲ್ಲಿ ಕೂಗ್ದಂಗೆ ಕೂಗ್ತಾನಲ್ಲ, ಅವ್ನ್ ಯಾರು?"

ಅದು ಆಟದ ದನಿ. "ಪ್ರಾಣ ಎಂಬತ್ತು. ಅನುಭವ ಹದಿನೈದು. ಎರಡನೇ ಬಾವಿ ತೆರೆದಿದೆ," ಎಂದು ಭಾವವೇ ಇಲ್ಲದೆ ಹೇಳುವ ಗಂಡಸಿನ ದನಿ. ನಾನು ವಿವರಿಸಿದೆ: ತಾರಿಣಿಗೆ ಏಟು ಬಿದ್ದರೆ ಪ್ರಾಣದ ಅಂಕಿ ಇಳಿಯುತ್ತದೆ. ಸೊನ್ನೆಯಾದರೆ ಸತ್ತಂತೆ. ಆಗ ಕೊನೆಯದಾಗಿ ಮುಟ್ಟಿದ್ದ ಉಳಿಕೆ ಕಲ್ಲಿನ ಹತ್ತಿರ ಮತ್ತೆ ಏಳುತ್ತಾಳೆ.

"ಅಂದ್ರೆ ಎಷ್ಟ್ ಜೀವ ಉಳ್ದೈತೆ ಅಂತ ಕಣ್ಮುಂದೇನೇ ಕಾಣ್ತಿರ್ತದಾ?"

"ಹೂಂ ಅಜ್ಜ."

"ಒಳ್ಳೇದಾಯ್ತು ಬಿಡು. ಇಲ್ಲಿ ಡಾಕ್ಟ್ರ ಮುಖ ನೋಡಿ ಲೆಕ್ಕ ಹಾಕ್ಬೇಕು. ಅದನ್ನೂ ನೋಡಂಗಿಲ್ಲ."

ಅಂದಿನಿಂದ ಶಬ್ದ ಸ್ವಲ್ಪ ಏರಿಸಿ ಇಬ್ಬರೂ ಕೇಳಿದೆವು. ಅಮ್ಮನೂ ಸೇರಿಕೊಂಡಳು. ಮಲ್ಲೇಶಪ್ಪನವರು ಕಥೆಯನ್ನು ಸುಮ್ಮನೆ ಕೇಳುವವರಲ್ಲ. ತಾರಿಣಿ ಮೂರನೇ ಬಾವಿಯಲ್ಲಿ ಮಾತನಾಡುವ ಆಮೆಯನ್ನು ನಂಬಿದಾಗ "ನಂಬ್ಬೇಡ ಕಣೇ, ಅದರ್ ದನಿ ನೋಡು, ನಮ್ಮೂರ್ ದಲ್ಲಾಳಿ ಇದ್ದಂಗೈತೆ" ಎಂದು ದಿಂಬಿನೊಳಕ್ಕೆ ಕೂಗಿದರು. ಅಮ್ಮನಿಗೆ ಆಮೆಯ ಮೇಲೆ ಕನಿಕರ. ಅಮ್ಮನಿಗೆ ಎಲ್ಲರ ಮೇಲೂ ಕನಿಕರ. ತಾರಿಣಿ ಊಟ ಮಾಡಿದ್ದು ಯಾವ ಅಧ್ಯಾಯದಲ್ಲೂ ಬರಲಿಲ್ಲ ಎಂಬುದು ಅವಳ ದೊಡ್ಡ ದೂರು.

ನಾನು ಹೇಳುತ್ತಿದ್ದೆ, ಅಮ್ಮ ನನ್ನ ದಿನಚರಿ ಬರೆಯುತ್ತಿದ್ದಳು. ಯಾರು ತಾರಿಣಿಯ ಪರ, ಯಾರು ವಿರೋಧ, ಯಾರು ನಿದ್ದೆ ಹೋದರು ಎಂದು ಪ್ರತಿ ಅಧ್ಯಾಯಕ್ಕೂ ಗೆರೆ ಹಾಕಿಸುತ್ತಿದ್ದೆ. ನಿದ್ದೆಯ ಗೆರೆಗಳೆಲ್ಲ ಅಮ್ಮನವು. ಅವನ್ನು ಹಾಕುವವಳೂ ಅವಳೇ ಆದ್ದರಿಂದ ಲೆಕ್ಕ ನಂಬುವಂತಿರಲಿಲ್ಲ. ಆದರೆ ಆ ಗೆರೆಗಳಿಂದ ನನಗೆ ದಿನಕ್ಕೊಂದು ಕೆಲಸ ಸಿಕ್ಕಿತು. ಕಣ್ಣು ಕಾಣುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ಅಧ್ಯಾಯ ಮುಗಿಯುವವರೆಗೆ ಬದಿಗಿಡಬಹುದಿತ್ತು.

ನಾಲ್ಕನೇ ಅಧ್ಯಾಯ ಮುಗಿದ ಮೇಲೆ ಮಲ್ಲೇಶಪ್ಪನವರನ್ನು ಮಗಳು ಗಿರಿಜಕ್ಕ ಉಪ್ಪಿನಂಗಡಿಯ ತನ್ನ ಮನೆಗೆ ಕರೆದುಕೊಂಡು ಹೋದರು. ಮಾರನೆಯ ದಿನ ನನ್ನನ್ನೂ ಬಿಟ್ಟರು.

ಹೊರಡುವ ಮುಂಚೆ ನರ್ಸ್ ಒಬ್ಬರು ನಿಯಮಗಳನ್ನು ಒಂದೊಂದಾಗಿ ಹೇಳಿದರು. ಮಲಗುವುದು ಬೋರಲು. ಹನಿ ಇಂತಿಂಥ ಹೊತ್ತಿಗೆ. ಗುಳ್ಳೆ ಕರಗುವವರೆಗೆ ವಿಮಾನ ಹತ್ತಬಾರದು, ಎತ್ತರದ ಜಾಗಕ್ಕೆ ಹೋಗಬಾರದು. ಎತ್ತರಕ್ಕೆ ಹೋದರೆ ಗುಳ್ಳೆ ಹಿಗ್ಗುತ್ತದೆ.

"ನಿಮ್ಮ ಮನೆ ಗುಡ್ಡೆಯ ಮೇಲೆ ಉಂಟಾ?" ಎಂದು ಅವರು ಕೇಳಿದರು.

"ಇಲ್ಲಮ್ಮ," ಎಂದಳು ಅಮ್ಮ. "ಗುಡ್ಡದ್ ಮೇಲಿರೋದು ನಮ್ಮ ಭಾವನೋರ ಮನೆ. ನಮ್ದು ತಗ್ಗಲ್ಲಿ, ಗದ್ದೆ ಪಕ್ಕ. ಎಲ್ರೂ ತಗ್ಗಿನಮನೆಯೋರು ಅಂತಾನೇ ಕರೆಯೋದು."

"ಹಾಗಾದ್ರೆ ಅಡ್ಡಿ ಇಲ್ಲ."

ನಾನೂ ತಲೆ ತಗ್ಗಿಸಿಕೊಂಡೇ ಹೌದು ಹೌದು ಎಂದೆ. ಕೇಳಿದ ಪ್ರಶ್ನೆ ಸರಿಯಾಗಿತ್ತು, ಕೊಟ್ಟ ಉತ್ತರವೂ ನಿಜ. ನಮ್ಮ ಮನೆ ಮಾರನಹಳ್ಳಿಯಿಂದ ಒಳಗೆ, ಮೂರು ಕಡೆ ಗುಡ್ಡವಿರುವ ತಗ್ಗಿನಲ್ಲಿದೆ. ದೊಡ್ಡಪ್ಪನ ಮನೆಗೆ ಹೋಗಬೇಕಾದರೆ ಏದುಸಿರು ಬಿಟ್ಟು ಹತ್ತಬೇಕು. ಆ ತಗ್ಗೇ ಶಿರಾಡಿ ಘಾಟಿಯ ತುದಿಯಲ್ಲಿದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅದು ನಮಗೆ ಎತ್ತರವಲ್ಲ. ಅದು ಮನೆ.

ಕಾರಿನ ಹಿಂದಿನ ಸೀಟಿನಲ್ಲಿ ಬೋರಲು ಮಲಗಿದೆ. ಕಿವಿಯಲ್ಲಿ ಐದನೇ ಅಧ್ಯಾಯ. ಘಾಟಿಯ ಬುಡದ ಗುಂಡ್ಯ ದಾಟುವವರೆಗೆ ಏನೂ ಇಲ್ಲ. ಘಾಟಿ ಶುರುವಾದ ಕೆಲವು ತಿರುವುಗಳಲ್ಲಿ ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ಆಮೇಲೆ ಆ ಹೆಬ್ಬೆರಳು ಮುಷ್ಟಿಯಾಯಿತು. ವಾಂತಿ ಬಂತು.

"ಘಟ್ಟದ ವಾಂತಿ," ಎಂದರು ಚಿಕ್ಕಪ್ಪ. "ತಲೆ ಕೆಳಗ್ ಮಾಡ್ಕಂಡು ಬಂದ್ರೆ ಇನ್ನೇನ್ ಆಗ್ತೈತೆ? ಅತ್ಗೆ, ನಿಂಬೆಹಣ್ಣು ಮೂಸ್ಸಿ."

ಅಮ್ಮ ನಿಂಬೆಹಣ್ಣು ಹಿಡಿದಳು. ನಮ್ಮ ಕಡೆ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವುದು ಯಾರಿಗೂ ಸುದ್ದಿಯಲ್ಲ. ನನಗೂ ಹಾಗೇ ಅನಿಸಿತು. ಆದರೆ ಬಲಗಣ್ಣಿನಲ್ಲಿ ಅಲ್ಲಿಯವರೆಗೆ ಇದ್ದ ಮಸುಕು ಬೆಳಕೂ ಕಂದತೊಡಗಿತ್ತು.

"ಚಿಕ್ಕಪ್ಪ, ನಿಲ್ಸಿ."

"ಇಲ್ಲಿ ಎಲ್ ನಿಲ್ಸದು? ಹಿಂದೆ ಲಾರಿ ಅವೆ. ಇನ್ನೊಂದ್ ಅರ್ಧ ಗಂಟೆ ತಡ್ಕೊ ಪುಟ್ಟಿ, ಮನೇಗೇ ಹೋಗ್ಬುಡಣ."

"ನಿಲ್ಸಿ ಅಂದ್ನಲ್ಲ!"

ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿದರು. ನಾನು ಉಸಿರು ಬಿಗಿಹಿಡಿದು ಕಾದೆ. ನೋವು ಇಳಿಯಲಿಲ್ಲ, ಆದರೆ ಏರಲೂ ಇಲ್ಲ. ಸ್ವಲ್ಪ ಮುಂದೆ ಹೋಗಿ ಎಂದೆ. ಎರಡು ತಿರುವು ಏರಿದರು. ನೋವು ಏರಿತು. ವಾಂತಿಯಾದರೆ ತಿರುವಿಗೆ ಬರಬೇಕು, ಇದು ಏರಿಗೆ ಬರುತ್ತಿದೆ. ಗುಳ್ಳೆ, ಎತ್ತರ, ನರ್ಸ್ ಹೇಳಿದ ಮಾತು, ಅಮ್ಮ ಹೇಳಿದ ಉತ್ತರ ಎಲ್ಲ ಒಟ್ಟಿಗೆ ತಲೆಯಲ್ಲಿ ಕೂತವು.

"ತಿರುಗ್ಸಿ. ಕೆಳಗ್ ಹೋಗ್ಬೇಕು."

"ಹುಚ್ಚೇನೆ ನಿಂಗೆ? ಮನೆ ಹತ್ರ ಬಂದು..."

"ಚಿಕ್ಕಪ್ಪ, ಮನೆ ಎತ್ತರದಲ್ಲಿದೆ!"

ಅಮ್ಮನ ದನಿ ಕೇಳಿತು, ನಾನು ಅದುವರೆಗೆ ಕೇಳದಿದ್ದ ದನಿ: "ಸುರೇಶ, ತಿರುಗ್ಸು."

ಚಿಕ್ಕಪ್ಪ ಇಳಿದು ಎರಡೂ ಕಡೆಯ ಲಾರಿಗಳಿಗೆ ಕೈ ಅಡ್ಡ ಹಿಡಿದರು. ಯಾರೋ ಬೈದರು. ಚಿಕ್ಕಪ್ಪ ಅದಕ್ಕಿಂತ ಜೋರಾಗಿ ಬೈದು ಮತ್ತೆ ಒಳಗೆ ಬಂದು ಕೂತರು. ಕಾರು ಹಿಂದೆ ಮುಂದೆ ಹೋಗಿ, ಹೋಗಿ, ಕೊನೆಗೆ ಮೂತಿ ಕೆಳಗೆ ಮಾಡಿತು. ಅಮ್ಮ ಆಸ್ಪತ್ರೆಗೆ ಫೋನ್ ಹಚ್ಚಿದಳು. ಡಾಕ್ಟರು ಹೇಳಿದ್ದು ಸ್ಪೀಕರಿನಲ್ಲಿ ಕೇಳಿಸಿತು: ನಿಲ್ಲಬೇಡಿ, ನೇರ ಇಲ್ಲಿಗೆ ಬನ್ನಿ. ಗುಂಡ್ಯಕ್ಕೆ ಬರುವಷ್ಟರಲ್ಲಿ ಮುಷ್ಟಿ ಮತ್ತೆ ಹೆಬ್ಬೆರಳಾಗಿತ್ತು. ಅಮ್ಮ ನನ್ನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಯಾರಿಗೂ ಅಲ್ಲ ಎಂಬಂತೆ, "ತಗ್ಗು ಅಂದ್ಬುಟ್ನಲ್ಲ, ತಗ್ಗು ಅಂದ್ಬುಟ್ನಲ್ಲ" ಎನ್ನುತ್ತಿದ್ದಳು.

"ತಗ್ಗೇ ಅಲ್ವೇನಮ್ಮ ನಮ್ಮನೆ?" ಎಂದೆ. "ನಾನೂ ಹೌದು ಅಂದೆ."

ಪೊರೆ ಬಿಟ್ಟುಹೋಗಿರಲಿಲ್ಲ. ಒತ್ತಡ ಇಳಿಸಲು ಹನಿ ಹಾಕಿದರು, ಮಾತ್ರೆ ಕೊಟ್ಟರು. ಡಾಕ್ಟರು ಬೈಯಲಿಲ್ಲ. ಘಟ್ಟದ ತುದಿವರೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಅಮ್ಮ ಕೇಳಿದಾಗ, "ಹೋಗಲಿಲ್ಲವಲ್ಲ" ಎಂದಷ್ಟೇ ಹೇಳಿದರು. ಒತ್ತಡದಿಂದ ಕಣ್ಣಿನ ನರಕ್ಕೆ ಎಷ್ಟು ಪೆಟ್ಟಾಗಿದೆ ಎಂಬುದು ಗುಳ್ಳೆ ಕರಗಿದ ಮೇಲೇ ಗೊತ್ತಾಗುವುದು. ಅಲ್ಲಿಯವರೆಗೆ ಘಟ್ಟ ಹತ್ತುವಂತಿಲ್ಲ.

ಎಲ್ಲಿರುವುದು? ನಮಗೆ ಘಟ್ಟದ ಕೆಳಗೆ ನೆಂಟರಿಲ್ಲ. ಮಂಗಳೂರಲ್ಲಿ ರೂಮು ಹುಡುಕೋಣ ಎಂದು ಚಿಕ್ಕಪ್ಪ ಹೊರಟಾಗ ಅಮ್ಮನ ಫೋನಿಗೆ ಮಲ್ಲೇಶಪ್ಪನವರು ಕರೆ ಮಾಡಿದರು. ಐದನೇ ಅಧ್ಯಾಯ ಕೇಳಿದಿರಾ ಎಂದು ವಿಚಾರಿಸಲು. ಅಮ್ಮ ಅಳುತ್ತಲೇ ಎಲ್ಲ ಹೇಳಿದಳು.

"ಅಯ್ಯೋ ಮಾರಾಯ್ತಿ," ಎಂದರು ಅವರು. "ಮಗ್ಳ ಮನೆ ಇಲ್ಲಿಲ್ದೆ ಇದ್ದಿದ್ರೆ ನಾನೂ ನಿಮ್ಗಿಂತ ಮುಂಚೇನೇ ಘಟ್ಟ ಹತ್ತುಬುಡ್ತಿದ್ದೆ. ನನ್ನನ್ನ ಕೇಳಿದ್ರೆ ನಾನೂ ಬಯಲು ಅಂತಿದ್ದೆ. ನೀವ್ ಇಲ್ಲಿಗ್ ಬನ್ನಿ. ಗಿರಿಜಾ ಹೂಂ ಅಂದವ್ಳೆ. ಇಲ್ಲಾ ಅಂದ್ರೂ ಬನ್ನಿ."

ಉಪ್ಪಿನಂಗಡಿಯ ಆ ಮನೆಯ ಊಟದ ಮೇಜಿನ ಮೇಲೆ ಎರಡು ದಿಂಬು ಬಂದವು. ಅದೊಂದು ಸೆಕೆ. ನಮ್ಮಂಥ ತಂಪಿನ ಜನಕ್ಕೆ ಬೋರಲು ಕೂತು ಬೆವರುವುದು ಹೊಸದೊಂದು ಶಿಕ್ಷೆ. ಗಿರಿಜಕ್ಕ ಇಬ್ಬರ ಕಾಲಿನ ಹತ್ತಿರವೂ ಟೇಬಲ್ ಫ್ಯಾನ್ ಇಟ್ಟರು. ಅವರಿಗೆ ಕಥೆ ಗೀಥೆ ಬೇಡ. ಆದರೆ ಅಧ್ಯಾಯ ಶುರುವಾದಾಗ ಮಿಕ್ಸಿ ನಿಲ್ಲಿಸುತ್ತಿದ್ದರು.

ಏಳನೇ ಬಾವಿಯಲ್ಲಿ ತಾರಿಣಿ ಸಿಕ್ಕಿಬಿದ್ದಳು. ಅಲ್ಲಿ ರಾಕ್ಷಸರಿಲ್ಲ, ಕತ್ತಿಯಿಲ್ಲ. ನೀರು ಮೊಣಕಾಲವರೆಗೆ ಇದೆ. ಅಲುಗಾಡಿದರೆ ಪ್ರಾಣ ಇಳಿಯುತ್ತದೆ. ಅಲುಗದೆ ನಿಂತರೆ ನೀರು ಒಂದಲ್ಲ ಒಂದು ಹೊತ್ತಿಗೆ ಏರಿ ಅವಳನ್ನು ಮೇಲೆ ಎತ್ತುತ್ತದೆ. ಯಾವಾಗ ಎಂದು ಆಟದ ದನಿ ಹೇಳುವುದಿಲ್ಲ. ಆ ಅಧ್ಯಾಯ ಪೂರ್ತಿ ಅವಳು ನಿಂತೇ ಇದ್ದಳು. ಕಾಲು ಜೋಮು ಹಿಡಿಯಿತು. ಮೂಗು ತುರಿಸಿತು. ಅಷ್ಟೇ.

ಮುಗಿದಾಗ ಮಲ್ಲೇಶಪ್ಪನವರು ನಿಧಾನಕ್ಕೆ ಹೇಳಿದರು. "ಇದನ್ ಬರ್ದೋನು ಒಂದ್ಸಲನಾದ್ರೂ ಬೋರ್ಲು ಮಲಗವ್ನೆ ಕಣಮ್ಮ."

ಆ ಅಧ್ಯಾಯದ ಕೆಳಗೆ ಕೇಳುಗರು ಏನು ಬರೆದಿದ್ದಾರೆ ಎಂದು ನೋಡಲು ಫೋನಿನಲ್ಲಿ ಓದಿ ಹೇಳುವ ಯಂತ್ರದ ದನಿ ಹಾಕಿದೆ. ಅದು ಬೈಗುಳವನ್ನೂ ಚಿತ್ರಗಳನ್ನೂ ಒಂದೇ ರಾಗದಲ್ಲಿ ಓದಿತು. "ದಂಡ ಅಧ್ಯಾಯ, ಕೋಪದ ಮುಖ, ಕೋಪದ ಮುಖ." ಮಲ್ಲೇಶಪ್ಪನವರಿಗೆ ನಗು ತಡೆಯಲಾಗದೆ ದಿಂಬು ಜಾರಿತು. ಯಂತ್ರದ ದನಿ ನಿಲ್ಲಿಸಿ ಫೋನನ್ನು ಅಮ್ಮನ ಕೈಗೆ ಕೊಟ್ಟೆ.

"ಒಬ್ರು ಬರ್ದವ್ರೆ, ಏನೂ ಆಗ್ಲಿಲ್ಲ, ಸಮಯ ವ್ಯರ್ಥ ಅಂತ. ಇನ್ನೊಬ್ರು, ಕತ್ತಿ ಕೊಡಿ ಇಲ್ಲಾ ಕಥೆ ನಿಲ್ಸಿ ಅಂತ. ಇನ್ನೊಬ್ರು... ಇದನ್ ನಾನ್ ಓದಲ್ಲ." ಅಮ್ಮ ಮುಂದಕ್ಕೆ ಸರಿಸಿದಳು. "ಹ್ಞಾಂ, ಇದು ಕಥೆ ಮಾಡೋರೇ ಬರ್ದಿರೋದು. ಕೇಳುಗರ ಅಭಿಪ್ರಾಯ ಗಮನಿಸಿದ್ದೇವೆ, ಮುಂದಿನ ಅಧ್ಯಾಯದ ಆರಂಭದಲ್ಲೇ ತಾರಿಣಿಯನ್ನು ಬಾವಿಯಿಂದ ಹೊರತರುತ್ತೇವೆ."

"ಯಾಕ್ ತರ್ತಾರೆ?" ಎಂದು ಮಲ್ಲೇಶಪ್ಪನವರು ಮೇಜು ಗುದ್ದಿದರು. "ನೀರು ಬಂತಾ? ಇಲ್ಲ. ಮತ್ಯಾಕೆ ತರ್ತಾರೆ? ಕತ್ತಿ ಬೀಸೋದು ಯಾರಿಗ್ ಬರಲ್ಲ? ನಿಲ್ಲಲಿ ಅವ್ಳು! ಬರಿ ಅಮ್ಮ, ನಮ್ದೂ ಬರಿ."

ಅವರು ಹೇಳಿದ್ದನ್ನು ಹಾಗೇ ಬರೆದರೆ ಅಳಿಸಿಬಿಡುತ್ತಾರೆ ಎಂದು ನಾನು ಹೇಳಿ ಅಮ್ಮನಿಂದ ಬರೆಸಿದೆ. ನಾವಿಬ್ಬರು ಕಣ್ಣಿನ ಆಪರೇಷನ್ ಆಗಿ ಬೋರಲು ಕೂತು ಕೇಳುತ್ತಿದ್ದೇವೆ. ಎದ್ದು ನೋಡುವಂತಿಲ್ಲ. ಎಷ್ಟು ದಿನ ಎಂದು ನಮಗೂ ಯಾರೂ ಹೇಳಿಲ್ಲ. ಈ ಅಧ್ಯಾಯದಲ್ಲಿ ಏನೂ ಆಗಲಿಲ್ಲ ಎಂದವರು ಅಲುಗದೆ ಒಂದು ಗಂಟೆ ಕೂತು ಮತ್ತೆ ಕೇಳಲಿ. ತಾರಿಣಿಯನ್ನು ದಯವಿಟ್ಟು ಎತ್ತಬೇಡಿ. ನೀರು ಬಂದ ಮೇಲೆ ಅವಳೇ ಬರುತ್ತಾಳೆ.

ಮಾರನೆಯ ದಿನ ಬೆಳಗ್ಗೆ ಅಮ್ಮ ಫೋನ್ ಹಿಡಿದುಕೊಂಡು ಬಂದಳು. ಅವಳ ಉಸಿರಿನಲ್ಲೇ ಏನೋ ಇತ್ತು.

"ನಿಂಗೆ ಉತ್ತರ ಬಂದವೆ."

ಬಳ್ಳಾರಿಯ ಒಬ್ಬ ಹೆಂಗಸು ಬರೆದಿದ್ದರು: ಹೊಟ್ಟೆಯಲ್ಲಿರುವ ಮಗು ನಿಲ್ಲಬೇಕಾದರೆ ಎಡಮಗ್ಗುಲಲ್ಲೇ ಮಲಗಬೇಕಂತೆ, ನಾನೂ ಅಲುಗದೆ ಕೇಳುತ್ತಿದ್ದೇನೆ. ಬೆನ್ನುಮೂಳೆಗೆ ಪೆಟ್ಟಾದ ಒಬ್ಬ ಲಾರಿ ಡ್ರೈವರ್, ಛಾವಣಿ ನೋಡಿಕೊಂಡು ಕೇಳುತ್ತೇನೆ, ನೀವಾದರೂ ನೆಲ ನೋಡುತ್ತೀರಿ ಎಂದು ತಮಾಷೆ ಮಾಡಿದ್ದರು. ಡಯಾಲಿಸಿಸ್ ಹೊತ್ತಿನಲ್ಲಿ ಕೇಳುವವರು ಇದ್ದರು. ಕಾಲಿಗೆ ಕಬ್ಬಿಣದ ಚೌಕಟ್ಟು ಹಾಕಿಸಿಕೊಂಡ ಕಾಲೇಜು ಹುಡುಗಿ ಇದ್ದಳು. ಅಮ್ಮ ಓದುತ್ತಲೇ ಹೋದಳು. ನಾನು ಗೆರೆ ಹಾಕಿಸುವುದನ್ನು ಮರೆತೆ. ಕತ್ತಿ ಬೇಕು ಎಂದವರು ನಡೆದಾಡುತ್ತಾ, ಬಸ್ಸಿನಲ್ಲಿ ಹೋಗುತ್ತಾ ಕೇಳುವವರು. ಅವರದೂ ತಪ್ಪಲ್ಲ. ಆದರೆ ಅವರ ನಡುವೆ ಇಷ್ಟೊಂದು ಜನ ಮಲಗಿಕೊಂಡೇ ಕೇಳುತ್ತಿದ್ದರು, ಯಾರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಕಾಯಿಲೆ ಬಂದಾಗಿನಿಂದ ಅಳು ಬಂದಿರಲಿಲ್ಲ. ಅಂದು ಬಂತು. ಬೋರಲು ಅತ್ತರೆ ಕಣ್ಣೀರು ನೇರ ದಿಂಬಿಗೆ ಬೀಳುತ್ತದೆ, ಕೆನ್ನೆ ಒದ್ದೆಯಾಗುವುದಿಲ್ಲ.

ಎಂಟನೇ ಅಧ್ಯಾಯ ಬಂದ ದಿನ ಗಿರಿಜಕ್ಕ ಮಿಕ್ಸಿ ನಿಲ್ಲಿಸಿ ತಾವೂ ಬಂದು ಕೂತರು. ಆಟದ ದನಿ ಹೇಳಿತು: "ಏಳನೇ ಬಾವಿ. ಪ್ರಾಣ ನಲವತ್ತು. ತಾರಿಣಿ ನಿಂತಿದ್ದಾಳೆ."

"ಭೇಷ್!" ಎಂದು ಮಲ್ಲೇಶಪ್ಪನವರು ತಲೆಯೆತ್ತಿಬಿಟ್ಟರು. ಮೂವರು ಹೆಂಗಸರೂ ಒಟ್ಟಿಗೆ "ತಲೆ ಕೆಳಗೆ!" ಎಂದು ಕೂಗಿದೆವು.

ವಾರಗಳು ಹೋದವು. ಗುಳ್ಳೆ ಕರಗುವುದನ್ನು ಒಳಗಿನಿಂದಲೇ ನೋಡಬಹುದು. ನೋಟದ ಮೇಲೆ ಒಂದು ಗೆರೆ ಮೂಡುತ್ತದೆ, ದಿನದಿನಕ್ಕೂ ಕೆಳಗೆ ಇಳಿಯುತ್ತದೆ, ಅದರ ಮೇಲ್ಭಾಗದಲ್ಲಿ ಲೋಕ ಕಾಣತೊಡಗುತ್ತದೆ. ಬೋರಲು ಇರುವುದು ಸಾಕು ಎಂದ ದಿನ ನಾನು ತಲೆಯೆತ್ತಿ ಮಲ್ಲೇಶಪ್ಪನವರ ಮುಖ ನೋಡಿದೆ. ಮುಸುಕು ಮುಸುಕಾಗಿ. ಅಷ್ಟು ದೊಡ್ಡ ದನಿಯ ಮನುಷ್ಯ ಅಷ್ಟು ಸಣ್ಣಗಿದ್ದಾರೆಂದು ಎಣಿಸಿರಲಿಲ್ಲ. ಅವರು ನನ್ನನ್ನು ನೋಡಿ, "ನೀನ್ ಇಷ್ಟ್ ಚಿಕ್ಕೋಳಾ? ಮಾತ್ ಕೇಳಿ ಮೇಷ್ಟ್ರಮ್ಮ ಅನ್ಕಂಡಿದ್ದೆ" ಎಂದರು. ಕೊನೆಗೆ ಗುಳ್ಳೆ ಸಾಸಿವೆಯಷ್ಟಾಗಿ ಒಂದು ದಿನ ಇಲ್ಲವಾಯಿತು.

ಡಾಕ್ಟರು ಎಡಗಣ್ಣು ಮುಚ್ಚಿಸಿ ಹಲಗೆ ಓದಿಸಿದರು. ದೊಡ್ಡ ಅಕ್ಷರಗಳು ಬಂದವು. ಮಧ್ಯದ ಸಾಲುಗಳಲ್ಲಿ ಅಕ್ಷರದ ಹೊಟ್ಟೆ ಉಬ್ಬಿ ಸೊಟ್ಟಗಾಯಿತು. ಕೊನೆಯ ಸಾಲುಗಳು ಬರಲಿಲ್ಲ. ಇನ್ನಷ್ಟು ಸುಧಾರಿಸಬಹುದು, ಪೂರ್ತಿ ಮೊದಲಿನಂತೆ ಆಗುತ್ತದೆಂದು ಹೇಳಲಾರೆ ಎಂದರು. ಘಟ್ಟ ಹತ್ತಬಹುದು ಎಂದರು. ಅಮ್ಮ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಮನೆ ಎಲ್ಲಿದೆ ಎಂದು ಈ ಸಲ ಮಾರನಹಳ್ಳಿಯ ಹೆಸರು ಹೇಳಿ, ಕೈಯನ್ನು ತಲೆಗಿಂತ ಮೇಲೆತ್ತಿ ತೋರಿಸಿದಳು.

ನಾನು ನನ್ನೊಳಗೆ ತೀರ್ಮಾನಿಸಿದೆ. ಎಷ್ಟು ಕಾಣುತ್ತದೋ ಅಷ್ಟನ್ನು ಇಂದಿನಿಂದಲೇ ದುಡಿಸುವುದು.

ಘಾಟಿಯಲ್ಲಿ ಮುಂದಿನ ಸೀಟಿನಲ್ಲಿ ಕೂತೆ. ನಮ್ಮ ಮುಂದೆ ಒಂದು ಗ್ಯಾಸ್ ಟ್ಯಾಂಕರ್ ತೆವಳುತ್ತಿತ್ತು. "ಒಂದ್ ಗ್ಯಾಸ್ ಹೋಯ್ತು ಅಂದ್ರೆ ಮುಂದೆ ಇನ್ನೊಂದು," ಎಂದು ಚಿಕ್ಕಪ್ಪ ಗೊಣಗಿ, ಹಾರ್ನ್ ಹೊಡೆದು ಮುನ್ನುಗ್ಗಲು ಕಾರನ್ನು ಬಲಕ್ಕೆ ಎಳೆದರು. ನಾನು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡೆ. ಟ್ಯಾಂಕರಿನ ಹಿಂದೆ ಕೆಂಪು ಅಕ್ಷರ ಇದ್ದವು.

"ಅ," ಎಂದೆ. "ಪಾ. ಅಪಾಯ."

"ಸುರೇಶ, ತಡಿ," ಎಂದಳು ಅಮ್ಮ ಹಿಂದಿನಿಂದ. "ಹಿಂದಾಕ್ಬೇಡ. ಓದ್ತಾವ್ಳೆ."

"ಅತ್ಗೆ, ಈ ಟ್ಯಾಂಕರ್ ಹಿಂದೆ ಹೋದ್ರೆ ಮನೆ ಸೇರೋದು ನಾಳೆ."

"ನಾಳೆನೇ ಸೇರಣ. ಓದ್ಲಿ."

ಚಿಕ್ಕಪ್ಪ ಕಾರನ್ನು ಮತ್ತೆ ಎಡಕ್ಕೆ ತಂದರು. ಅವರು ಘಾಟಿಯಲ್ಲಿ ಯಾರನ್ನೂ ಹಿಂದಿಕ್ಕದೆ ಹೋದದ್ದು ಅದೇ ಮೊದಲು. ಕೆಳಗಿನ ಸಾಲು ಸಣ್ಣದು. ನಡುವಿನ ಅಕ್ಷರ ಉಬ್ಬಿಕೊಂಡು ಪಕ್ಕದ ಅಕ್ಷರವನ್ನು ತಳ್ಳುತ್ತಿತ್ತು. ಒಂದು ತಿರುವು, ಇನ್ನೊಂದು ತಿರುವು, ಬಿಸಿಲು ಬಿದ್ದ ಒಂದು ಕಡೆ ಅದು ಸರಿಯಾಗಿ ಕೂತಿತು.

"ದೂರವಿರಿ," ಎಂದು ಓದಿದೆ.

"ದೂರಾನೇ ಇರಣ," ಎಂದಳು ಅಮ್ಮ. "ಅವ್ಳಿಗೆ ಕಾಣೋಷ್ಟು ದೂರ ಇರು ಸುರೇಶ, ಅದಕ್ಕಿಂತ ಹೆಚ್ಚು ಬೇಡ."